ಆರಿದ್ರಾ ಮಳೆಯಲ್ಲಿ ಮರಳುಗಾಡು

ಮರಳುಗಾಡಿನ ಕಥೆಯೊಂದರ ಮೂರನೆಯ ಮತ್ತು ಕೊನೆಯ ಸಂಪುಟವನ್ನು ನಾನು ಕಳೆದ ಮಳೆಗಾಲದಲ್ಲಿ, ಮೂಡಿಗೆರೆ ಸೀಮೆಯ ನಮ್ಮ ಮನೆಯಲ್ಲಿ, ಆರಿದ್ರಾ ಮಳೆಯ ಎರಡನೆಯ ವಾರದಲ್ಲಿ ಹಿಡಿದು, ಪುನರ್ವಸು ಮಳೆ ಪೂರ್ತಿ ಓದಿ, ಪುಷ್ಯ ಹುಟ್ಟಿದ ನಾಲ್ಕನೆಯ ದಿನ ಮುಗಿಸಿದೆ. ನನ್ನಷ್ಟಕ್ಕೆ ನಾನು ಓದಿಕೊಂಡಿದ್ದರೆ ಅದು ಮೂರು ದಿನದ ಓದು. ಮೂರೂವರೆ ವಾರ ಹಿಡಿದದ್ದು ಅದನ್ನು ಗಟ್ಟಿಯಾಗಿ, ಸಾಲುಸಾಲಾಗಿ ಕನ್ನಡ ಮಾಡಿಕೊಳ್ಳುತ್ತ, ಅಮ್ಮನಿಗೆ ಓದಿ ಹೇಳಿದ್ದರಿಂದ. ಅಮ್ಮನ ಒಂದು ಕಣ್ಣಿನ ಪೊರೆ ತೆಗೆಸಿ ಆಗಿತ್ತು, ಇನ್ನೊಂದನ್ನು ಮಳೆಗಾಲ ಕಳೆದ ಮೇಲೆ ನೋಡೋಣವೆಂದು ಬಿಟ್ಟಿದ್ದೆವು. ಪತ್ರಿಕೆಯ ಅಕ್ಷರಗಳೂ ಕಾಣದೆ, ಹೊರಗೆ ಕಾಲಿಡಲೂ ಆಗದೆ, ಆಕೆ ದಿನವಿಡೀ ಬಚ್ಚಲ ಒಲೆಯ ಮುಂದೆ ಕಂಬಳಿ ಹೊದ್ದು ಕೂರುತ್ತಿದ್ದ ದಿನಗಳವು.

ಪುಸ್ತಕ ಆಲ್ವಿನ್ ಹ್ಯಾಮಿಲ್ಟನ್ ಅವರದು. ಹದಿಹರೆಯದವರಿಗಾಗಿ ಬರೆದ ಈ ಕಲ್ಪನಾಕಥೆಯ ಮೊದಲ ಸಂಪುಟ 'ರೆಬೆಲ್ ಆಫ್ ದ ಸ್ಯಾಂಡ್ಸ್' 2016ರಲ್ಲಿ, ಎರಡನೆಯದು 'ಟ್ರೇಟರ್ ಟು ದ ಥ್ರೋನ್' 2017ರಲ್ಲಿ, ಕೊನೆಯದಾದ 'ಹೀರೋ ಅಟ್ ದ ಫಾಲ್' 2018ರಲ್ಲಿ ಬಂದವು. ಮೊದಲನೆಯದನ್ನು ನನ್ನ ಕೈಗಿಟ್ಟವಳು ಅಣ್ಣನ ಮಗಳು. ಬೆಂಗಳೂರಿನಿಂದ ಕ್ರಿಸ್‌ಮಸ್ ರಜೆಗೆ ಬಂದಿದ್ದಾಗ, "ಅತ್ತೆ, ನೀವು ಇದನ್ನ ಓದ್ಲೇಬೇಕು" ಎಂದು ಬಿಟ್ಟುಹೋದಳು. ಮಿರಾಜಿ ಎಂಬ ಮರಳುದೇಶ, ಅದರ ಮೂಲೆಯಲ್ಲಿ ಡಸ್ಟ್‌ವಾಕ್ ಎಂಬ ಊರು, ಅಲ್ಲಿ ಬಂದೂಕಿನ ಕಾರ್ಖಾನೆ ಬಿಟ್ಟರೆ ಬೇರೆ ಅನ್ನವಿಲ್ಲ. ತಾಯಿಯನ್ನು ಗಲ್ಲಿಗೆ ಕಳೆದುಕೊಂಡ ಅಮಾನಿ ಎಂಬ ಹುಡುಗಿ, ಗುರಿ ಇಡುವುದರಲ್ಲಿ ನಿಸ್ಸೀಮಳು, ಗಂಡುವೇಷದಲ್ಲಿ ಪಂದ್ಯಕ್ಕಿಳಿದು 'ನೀಲಿಗಣ್ಣಿನ ಡಕಾಯಿತ' ಎಂಬ ಹೆಸರು ಪಡೆಯುತ್ತಾಳೆ. ಜಿನ್ ಎಂಬ ಅನ್ಯದೇಶದ ಯುವಕನ ಜೊತೆ ಊರು ಬಿಟ್ಟು, ಸುಲ್ತಾನನ ವಿರುದ್ಧ ದಂಗೆಯೆದ್ದ ರಾಜಕುಮಾರ ಅಹ್ಮದನ ಪಾಳಯ ಸೇರುತ್ತಾಳೆ. ಎರಡನೆಯ ಸಂಪುಟದಲ್ಲಿ ಅವಳನ್ನು ಸುಲ್ತಾನನ ಅಂತಃಪುರಕ್ಕೆ ಮಾರುತ್ತಾರೆ. ಮರಳನ್ನು ಆಡಿಸುವ ಅವಳ ಶಕ್ತಿಯನ್ನು ಕಟ್ಟಿಹಾಕಲು ಚರ್ಮದಡಿಗೆ ಕಬ್ಬಿಣದ ಚೂರುಗಳನ್ನು ಸೇರಿಸಿರುತ್ತಾರೆ. ಅದು ಮುಗಿಯುವಾಗ ಅಹ್ಮದ್ ಸೆರೆಯಾಗಿದ್ದಾನೆ, ಬಂಡಾಯ ಚದುರಿದೆ, ಉಳಿದವರ ಕಣ್ಣೆಲ್ಲ ಅಮಾನಿಯ ಮೇಲಿದೆ.

ಇಲ್ಲಿಗೆ ಬಂದು ನಾನು ನಿಂತುಬಿಟ್ಟಿದ್ದೆ. ಕೊನೆಯ ಸಂಪುಟ ಕೊಳ್ಳಲು ಮನಸ್ಸಾಗಿರಲಿಲ್ಲ. ಚೆನ್ನಾಗಿ ನಡೆದ ಕಥೆಯನ್ನು ಕೊನೆಯಲ್ಲಿ ಕೆಡಿಸಿದ ಎಷ್ಟೋ ಪುಸ್ತಕಗಳನ್ನು ಓದಿದವಳು ನಾನು. ಮುಗಿಯದೆ ಇರುವವರೆಗೆ ಆ ಜನ ಬದುಕಿರುತ್ತಾರೆ ಎಂಬ ಒಂದು ಸಮಾಧಾನವೂ ಒಳಗೆ ಇತ್ತು. ಆದರೆ ಹಿಂದಿನ ಚಳಿಗಾಲದಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದಾಗ, ಹಕ್ಕಿ ನಾಯಿ ಬಾರದಂತೆ ಕಾಯುತ್ತ ಕಟ್ಟೆಯ ಮೇಲೆ ಕೂತು ಮೊದಲೆರಡು ಸಂಪುಟಗಳ ಕಥೆಯನ್ನು ಅಮ್ಮನಿಗೆ ಬಾಯಿಮಾತಿನಲ್ಲಿ ಹೇಳಿದ್ದೆ. ಮಳೆ ಹಿಡಿದ ಮೇಲೆ ಆಕೆಗೆ ಅದು ನೆನಪಾಯಿತು. "ಆ ಹುಡುಗಿ ಏನಾದ್ಲೇ? ಅರ್ಧಕ್ಕೆ ಬಿಟ್ಟಿದ್ದೀಯಲ್ಲ" ಎಂದು ನಾಲ್ಕು ದಿನ ಕೇಳಿದರು. ಐದನೆಯ ದಿನ ಪುಸ್ತಕ ತರಿಸಲು ಹೇಳಿದೆ. ನಮ್ಮ ಮನೆಯವರೆಗೆ ಕೊರಿಯರ್ ಬರುವುದಿಲ್ಲವಾದ್ದರಿಂದ ಪೇಟೆಯಲ್ಲಿ ಪರಿಚಯದವರ ಅಂಗಡಿಗೆ ಬಂತು, ಅಲ್ಲಿಂದ ಹಾಲಿನ ಜೀಪಿನಲ್ಲಿ ಮನೆಗೆ.

ಶುರು ಮಾಡುವ ಮೊದಲು ಎರಡನೆಯ ಸಂಪುಟದ ಕೊನೆಯ ಅಧ್ಯಾಯಗಳನ್ನು ಮತ್ತೆ ಓದಿಕೊಂಡೆ. ಸರಣಿಯ ಕೊನೆಯ ಪುಸ್ತಕ ಓದುವವರು ಇದನ್ನು ಮಾಡಲೇಬೇಕು. ಹಿಂದಿನದರಲ್ಲಿ ಯಾರು ಯಾರಿಗೆ ಮಾತು ಕೊಟ್ಟಿದ್ದರು ಎಂಬುದು ಮರೆತಿದ್ದರೆ ಮುಂದಿನದರಲ್ಲಿ ಆ ಮಾತು ಉಳಿದದ್ದೂ ಮುರಿದದ್ದೂ ನಮಗೆ ತಟ್ಟುವುದಿಲ್ಲ. ತೋಟದ ಹಳೆಯ ಚೆಕ್‌ರೋಲ್ ಪುಸ್ತಕದ ಖಾಲಿ ಬೆನ್ನಿನ ಮೇಲೆ ಹೆಸರುಗಳನ್ನು ಬರೆದೆ: ಶಜಾದ್, ಸೇನಾಪತಿಯ ಮಗಳು, ಯುದ್ಧದ ಲೆಕ್ಕ ಬಲ್ಲವಳು; ಹಾಲಾ, ಹೊನ್ನಿನ ಮೈಯವಳು; ಇಜ್ ಮತ್ತು ಮಜ್, ಯಾವ ಪ್ರಾಣಿಯ ರೂಪವನ್ನಾದರೂ ತಾಳಬಲ್ಲ ಅವಳಿಗಳು; ಸ್ಯಾಮ್, ಗೋಡೆಯೊಳಗೆ ನಡೆದುಹೋಗುವವನು; ಲೈಲಾ, ನಂಬಿಸಿ ಕೈಕೊಟ್ಟ ಸುಲ್ತಾನನ ಮಗಳು. ಹಾಜರಿ ಹಾಕುವ ಚೌಕಗಳ ಹಿಂಬದಿಯಲ್ಲಿ ಈ ಹೆಸರುಗಳು ಸಾಲಾಗಿ ನಿಂತಾಗ, ಬೆಳಗ್ಗೆ ಕೆಲಸಕ್ಕೆ ಬರಬೇಕಾದವರ ಪಟ್ಟಿಯಂತೆಯೇ ಕಂಡವು. ಯಾರಾದರೂ ಸತ್ತರೆ ಗೀಟು ಎಳೆಯಬೇಕಾಗುತ್ತದಲ್ಲ ಎಂದು ಆಗಲೇ ಅನ್ನಿಸಿತ್ತು.

ಮೊದಲ ಸಂಜೆಯೇ ಕರೆಂಟು ಹೋಯಿತು. ಎಲ್ಲೋ ಮರ ಬಿದ್ದು ತಂತಿ ಕಡಿದಿರಬೇಕು. ಆರಿದ್ರಾದಲ್ಲಿ ಅದೇನೂ ಹೊಸದಲ್ಲ. ಚಿಮಣಿ ದೀಪದ ಬೆಳಕಿನಲ್ಲಿ, ಹೆಂಚಿನ ಮೇಲೆ ಹನಿ ಕಡಿಯದೆ ಸುರಿಯುತ್ತಿದ್ದ ಮಳೆಯ ಸದ್ದಿಗಿಂತ ಗಟ್ಟಿಯಾಗಿ ಮರಳಿನ ಬಗ್ಗೆ ಓದತೊಡಗಿದೆ. ಓದತೊಡಗಿದ ಮೇಲೆ ತಿಳಿಯಿತು, ನನ್ನ ಬಳಿ ಮರಳಿಗೆ ಮಾತುಗಳೇ ಇರಲಿಲ್ಲ. ಮಳೆಯಾದರೆ ತುಂತುರು, ಸೋನೆ, ಜಡಿ, ಬಿರುಮಳೆ, ಜಿಟಿಜಿಟಿ ಎಂದು ಕೈಬೆರಳು ಮುಗಿಯುವಷ್ಟು ಹೆಸರಿಟ್ಟುಕೊಂಡ ನಮಗೆ, ಅದರ ಮೇಲೆ ನಕ್ಷತ್ರಕ್ಕೊಂದರಂತೆ ಮಳೆಗೆ ಹೆಸರು ಹಿಡಿದು ಕರೆಯುವ ನಮಗೆ, ಮರಳು ಎಂದರೆ ಹೊಳೆಯ ದಂಡೆಯದು, ಮನೆ ಕಟ್ಟುವವರು ಲೋಡಿನಲ್ಲಿ ತರಿಸುವುದು, ಅಷ್ಟೆ. ಪಾಠ ಮಾಡುತ್ತಿದ್ದಾಗ ಮೂವತ್ತು ವರ್ಷ 'ಮರುಭೂಮಿ' ಎಂದು ಹಲಗೆಯ ಮೇಲೆ ಬರೆದವಳು ನಾನು. ಅಮ್ಮನೆದುರು ಆ ಪದ ಪಾಠದಂತೆಯೇ ಕೇಳಿಸಿತು. 'ಮರಳುಗಾಡು' ಎಂದೆ, ಅದರಲ್ಲಿರುವ ಕಾಡು ಆಕೆಗೆ ನಮ್ಮ ಕಾಡನ್ನು ನೆನಪಿಸಿತೋ ಏನೋ, ಮರ ಎಷ್ಟಿವೆ ಎಂದು ಕೇಳಿದರು. ಕೊನೆಗೆ 'ಬೆಂಗಾಡು' ಎಂದಾಗ ಅಮ್ಮ ತಲೆಯಾಡಿಸಿದರು. ಆ ಮಾತು ಆಕೆಗೆ ಚಿಕ್ಕಂದಿನಿಂದ ಗೊತ್ತಿತ್ತು.

ಇನ್ನೊಂದು ತೊಡಕು ಜಿನ್ನರದು. ಈ ಕಥೆಯಲ್ಲಿ ಮನುಷ್ಯರಿಗಿಂತ ಮೊದಲು ಹುಟ್ಟಿದ, ಬೆಂಕಿಯಿಂದಾದ, ಸಾವಿಲ್ಲದ ಜೀವಗಳಿಗೆ ಆ ಹೆಸರು. ಹಾಸನ ಜಿಲ್ಲೆಯವರಾದ ಅಮ್ಮನಿಗೆ ಅದು 'ಜಿನ' ಎಂದೇ ಕೇಳಿಸಿ, ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತ ಮೂರ್ತಿ ಕಣ್ಣೆದುರು ಬಂದಿತ್ತು. ಅಷ್ಟು ಶಾಂತವಾದವರು ಮನುಷ್ಯರ ಜಗಳಕ್ಕೆ ಯಾಕೆ ಬರುತ್ತಾರೆಂದು ಎರಡು ದಿನ ಅವರಿಗೆ ಬಗೆಹರಿದಿರಲಿಲ್ಲ. ಸಾಲದ್ದಕ್ಕೆ ಕಥೆಯ ನಾಯಕನ ಹೆಸರೂ ಜಿನ್. ಆಮೇಲೆ ನಾನು ಆ ಜೀವಗಳನ್ನು 'ಬೆಂಕಿಯವರು' ಎಂದೂ, ಅವರಿಗೆ ಮನುಷ್ಯ ಹೆಂಗಸರಲ್ಲಿ ಹುಟ್ಟಿದ 'ಡೆಮ್‌ಜಿ'ಗಳನ್ನು 'ಬೆಂಕಿಯವರ ಮಕ್ಕಳು' ಎಂದೂ ಓದಿದೆ. ಅಮಾನಿಯೂ ಅಂಥ ಒಬ್ಬಳು. ಪದ ಸರಿಹೋದ ಮೇಲೆ ಕಥೆ ತಾನಾಗಿ ಸಾಗಿತು.

ಅಮ್ಮ ಹುಟ್ಟಿದ್ದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಮಲೆನಾಡಿಗೆ ಬಂದವರು. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಸಕಲೇಶಪುರದ ಜಡಿಮಳೆ, ಇನ್ನೊಂದು ತುದಿಯಲ್ಲಿ ಅರಸೀಕೆರೆಯ ಬಯಲು ಎಂಬುದನ್ನು ನಾನು ಭೂಪಟದಲ್ಲಿ ತೋರಿಸಿದ್ದೇನೆ, ಅವರು ಮೈಯಲ್ಲಿ ಬಲ್ಲರು. ಆದ್ದರಿಂದ ಯುದ್ಧದ ಯೋಜನೆಯನ್ನು ನಾನು ಉತ್ಸಾಹದಿಂದ ಓದುತ್ತಿರುವಾಗ ಅವರು ನಡುವೆ ತಡೆದು ಕೇಳುತ್ತಿದ್ದುದು ಒಂದೇ ಮಾತು: "ಅಷ್ಟು ಜನ ಹೊರಟ್ರಲ್ಲ, ನೀರಿಗೆ ಏನು ಮಾಡ್ಕೊಂಡ್ರು?" ಪುಸ್ತಕ ಕೆಲವು ಸಲ ಅದಕ್ಕೆ ಉತ್ತರ ಕೊಡುತ್ತಿತ್ತು, ಕೆಲವು ಸಲ ಕೊಡುತ್ತಿರಲಿಲ್ಲ. ಕೊಡದ ಕಡೆ ಅಮ್ಮನಿಗೆ ಆ ಅಧ್ಯಾಯದ ಮೇಲೆ ನಂಬಿಕೆ ಕಡಿಮೆಯಾಗುತ್ತಿತ್ತು. ವಿಮರ್ಶೆಯ ಅಳತೆಗೋಲು ಇಷ್ಟು ಸರಳವಾಗಿಯೂ ಇಷ್ಟು ಖಚಿತವಾಗಿಯೂ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ರಾತ್ರಿ ಆ ನೀರಿನ ಮಾತಿನಿಂದಲೇ ಅವರು ತಮ್ಮ ಕಥೆ ಹೇಳಿದರು. ಅವರಿಗೆ ಆಗ ಏಳೋ ಎಂಟೋ ವರ್ಷ. ಕೆರೆ ಒಣಗಿ ತಳ ಬಿರಿದಿತ್ತು. ಕೆರೆಯಂಗಳದ ಮರಳಿನಲ್ಲಿ ಗುಂಡಿ ತೋಡಿ, ಒರತೆ ಜಿನುಗುವುದನ್ನು ಕಾದು, ತೆಂಗಿನ ಕರಟದಿಂದ ಮೊಗೆದು ಕೊಡಕ್ಕೆ ಹಾಕಬೇಕಿತ್ತು. ಬೆಳಗಾದರೆ ಜನ ಮುತ್ತುತ್ತಾರೆಂದು ಅವರ ಅವ್ವ ನಡುರಾತ್ರಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ಒಂದು ಕೊಡ ತುಂಬಲು ಗಂಟೆಗಟ್ಟಲೆ. ಒಂದು ರಾತ್ರಿ ತುಂಬಿದ ಮಣ್ಣಿನ ಕೊಡವನ್ನು ತೊಡೆಗೆ ಆನಿಸಿಕೊಂಡು ಕೂತಿದ್ದ ಅಕ್ಕ ಅಲ್ಲೇ ನಿದ್ದೆ ಹೋದಳು. ಕೊಡ ಜಾರಿ ಕಲ್ಲಿಗೆ ಬಡಿದು ಒಡೆಯಿತು. ಅವ್ವ ಅವಳಿಗೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದು, ಆಮೇಲೆ ಒದ್ದೆ ಮರಳಿನ ಮೇಲೆ ಕೂತು ತಾನೇ ಅತ್ತಳು. ಪಕ್ಕದ ಗುಂಡಿಯಲ್ಲಿ ಮೊಗೆಯುತ್ತಿದ್ದ ಹೆಂಗಸು, ಇವರ ಮನೆಗೂ ಆ ಮನೆಗೂ ಬದುವಿನ ವಿಷಯಕ್ಕೆ ಮಾತು ಬಿಟ್ಟು ವರ್ಷವಾಗಿತ್ತು, ಏನೂ ಹೇಳದೆ ತನ್ನ ಕೊಡದಿಂದ ಅರ್ಧ ನೀರನ್ನು ಇವರ ಚರಿಗೆಗೆ ಬಗ್ಗಿಸಿ ಹೋದಳು. ಅಕ್ಕನ ಬೆನ್ನ ಮೇಲೆ ಬಾಸುಂಡೆ ಎಷ್ಟು ದಿನ ಇತ್ತು ಎಂಬುದೂ ಅಮ್ಮನಿಗೆ ನೆನಪಿತ್ತು. ಇಷ್ಟು ಕಾಲ ಜೊತೆಗಿದ್ದೂ ಈ ಸಂಗತಿಯನ್ನು ನಾನು ಕೇಳಿದ್ದು ಅಂದೇ ಮೊದಲು. ಆ ರಾತ್ರಿ ಪುಸ್ತಕ ಮುಂದೆ ಓದಲಿಲ್ಲ.

ಕಬ್ಬಿಣದ ವಿಷಯವನ್ನಂತೂ ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಕಬ್ಬಿಣ ಸೋಕಿದರೆ ಬೆಂಕಿಯವರ ಶಕ್ತಿ ಉಡುಗುತ್ತದೆ ಎಂಬುದು ಈ ಮೂರೂ ಸಂಪುಟಗಳ ಮುಖ್ಯ ಕಟ್ಟಳೆ. ಮೊದಲ ಸಲ ಅದನ್ನು ಹೇಳಿದಾಗ ಅಮ್ಮ, "ಮತ್ತೆ? ಬಾಣಂತಿ ತಲೆದಿಂಬಿನ ಕೆಳಗೆ ಕುಡುಗೋಲು ಇಡೋದು ಯಾಕೆ ಅಂದ್ಕೊಂಡೆ? ನೀನು ಹುಟ್ಟಿದಾಗಲೂ ಇಟ್ಟಿದ್ರು" ಎಂದರು. ಬೇಸಿಗೆಯ ಬಯಲಲ್ಲಿ ಎದ್ದು ಕೆಂಪು ಧೂಳನ್ನು ಕಂಬದಂತೆ ಸುತ್ತಿಸುವ ಸುಳಿಗಾಳಿಯನ್ನು ಅವರ ಊರಲ್ಲಿ ದೆವ್ವದ ಗಾಳಿ ಎನ್ನುತ್ತಿದ್ದರಂತೆ. ಅದು ಹತ್ತಿರ ಬಂದರೆ ಕೈಯಲ್ಲಿ ಕಬ್ಬಿಣದ ಮೊಳೆಯಾದರೂ ಇರಬೇಕು. ಹೀಗಾಗಿ ಮರಳನ್ನೇ ಎಬ್ಬಿಸಿ ಆಡಿಸುವ ಅಮಾನಿಯ ಶಕ್ತಿ, ಚರ್ಮದಡಿಯ ಕಬ್ಬಿಣದಿಂದ ಅದು ಸತ್ತುಹೋದದ್ದು, ಇವೆಲ್ಲ ಅಮ್ಮನಿಗೆ ಕಲ್ಪನಾಕಥೆಯಾಗಿ ತೋರಲಿಲ್ಲ. ನಾನು ಪುಸ್ತಕದ ನಿಯಮವೆಂದು ಕಲಿತದ್ದನ್ನು ಅವರು ಲೋಕದ ನಿಯಮವೆಂದು ಮೊದಲೇ ಒಪ್ಪಿದ್ದರು.

ಅದೇ ರೀತಿ ಸತ್ಯದ ಕಟ್ಟಳೆ. ಬೆಂಕಿಯವರ ಮಕ್ಕಳಿಗೆ ಸುಳ್ಳು ಹೇಳಲು ಬರುವುದಿಲ್ಲ, ನಾಲಿಗೆಯೇ ಹೊರಳುವುದಿಲ್ಲ. ಕೊನೆಯ ಸಂಪುಟದಲ್ಲಿ ಈ ಕಟ್ಟಳೆಯೇ ಎದೆ ಹಿಂಡುತ್ತದೆ, ಏಕೆಂದರೆ ದಂಡಿನ ಮುಂದೆ ನಿಂತ ಹುಡುಗಿಗೆ, ಎಲ್ಲ ನಾಯಕರೂ ಹೇಳುವ ಆ ಒಂದು ಮಾತನ್ನು, ನಾವೆಲ್ಲ ಬದುಕಿ ಬರುತ್ತೇವೆ ಎಂಬುದನ್ನು, ಹೇಳಲು ಆಗುವುದಿಲ್ಲ. ಇನ್ನೂ ಆಗದಿರುವುದನ್ನು ನಿಜವೆಂಬಂತೆ ನುಡಿದರೆ ಆ ನುಡಿ ಯಾವ ವಕ್ರದಾರಿಯಲ್ಲಿ ನಿಜವಾದೀತೋ ಎಂಬ ಭಯ ಬೇರೆ. ಇದನ್ನು ಹೇಗೆ ಬಿಡಿಸಿ ಹೇಳಲಿ ಎಂದು ನಾನು ಯೋಚಿಸುತ್ತಿದ್ದಾಗ ಅಮ್ಮ ಒಲೆಗೆ ಕಟ್ಟಿಗೆ ದೂಡುತ್ತ, "ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಅದಕ್ಕೆ" ಎಂದರು. ನಿಜವೇ. ಅಕ್ಕಿ ಮುಗಿಯಿತು ಎನ್ನದೆ ಅಕ್ಕಿ ಹೆಚ್ಚಿತು ಎನ್ನುವ, ಹೋಗುತ್ತೇನೆ ಎನ್ನದೆ ಹೋಗಿಬರುತ್ತೇನೆ ಎನ್ನುವ, ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ಮನೆಯಲ್ಲಿ ಬೆಳೆದವಳಿಗೆ, ಅಮಾನಿ ತನ್ನ ಮಾತುಗಳನ್ನು ಎಚ್ಚರದಿಂದ ಆಯುವುದು ಹೊಸದಾಗಿ ಕಾಣಬೇಕಿರಲಿಲ್ಲ. ಆದರೂ ಅಮ್ಮ ಹೇಳುವವರೆಗೆ ನನಗೆ ಅದು ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ಓದುವಾಗ ನಾನು ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದೆ.

ಪುನರ್ವಸು ಹುಟ್ಟುವ ಹೊತ್ತಿಗೆ ಪುಸ್ತಕದ ಸ್ಥಿತಿ ಕೆಟ್ಟಿತು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ನೀರು ಸೋಕದೆಯೂ ಒದ್ದೆಯಾಗುತ್ತದೆ. ರಟ್ಟು ಮೇಲಕ್ಕೆ ಸುರುಳಿಯಾಗಿ, ಬೆನ್ನಿನ ಅಂಟಿನ ಬಳಿ ಬೂದುಬಣ್ಣದ ಬೂಷ್ಟು ಚುಕ್ಕೆಚುಕ್ಕೆಯಾಗಿ ಹಿಡಿದು, ಹಾಳೆಗಳು ಒಂದಕ್ಕೊಂದು ಹತ್ತಿಕೊಂಡವು. ಒಣ ಬಟ್ಟೆಯಲ್ಲಿ ಬೂಷ್ಟು ಒರೆಸಿ, ಹಾಳೆಗಳನ್ನು ಬೀಸಣಿಗೆಯಂತೆ ಹರಡಿ, ಬಚ್ಚಲ ಹಂಡೆಯ ಕಾವು ತಾಗುವ ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದೆ. ರಾತ್ರಿ ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಬಿಗಿಯುತ್ತಿದ್ದೆ. ಒಮ್ಮೆ ಎರಡು ಹಾಳೆಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿದ್ದವೆಂದರೆ, ಶಾಲೆಯ ಕಾಲದ ಸ್ಟೀಲಿನ ಅಳತೆಪಟ್ಟಿಯನ್ನು ಒಲೆಯ ಬಳಿ ಬೆಚ್ಚಗೆ ಮಾಡಿ, ಅಂಚಿನಿಂದ ಕೂದಲೆಳೆಯಷ್ಟಾಗಿ ತೂರಿಸಿ ಬಿಡಿಸಿದೆ; ಆದರೂ ಒಂದು ಸಾಲಿನ ಅಕ್ಷರಗಳು ಎದುರಿನ ಹಾಳೆಗೆ ತಿರುಗುಮುರುಗಾಗಿ ಅಂಟಿಯೇ ಬಂದವು. ಕನ್ನಡಿ ಹಿಡಿದು ಆ ಸಾಲನ್ನು ಓದಿದೆ. ಅದು ಬಿಸಿಲಿನಲ್ಲಿ ನಡೆಯುತ್ತಿರುವವರ ವರ್ಣನೆಯಾಗಿತ್ತು.

ಅದಕ್ಕಿಂತ ದೊಡ್ಡ ಏಟು ಅನಂತರ ಬಂತು. ಸೆರೆಯಾದವರನ್ನು ಬಿಡಿಸಲು ಅಮಾನಿಯ ಗುಂಪು ಎರೆಮಾಟ್ ಎಂಬ, ಲೋಕದ ಆದಿಯಲ್ಲಿ ಕೇಡಿನ ಶಕ್ತಿಯೊಂದನ್ನು ಹೂತಿಟ್ಟ ಜಾಗದ ಕಡೆ ಸಾಗುತ್ತಿದೆ, ಕಾವು ಏರುತ್ತಿದೆ, ಹಾಳೆ ತಿರುವಿದರೆ ವಾಕ್ಯವೇ ಕೂಡುತ್ತಿಲ್ಲ. ಪುಟಸಂಖ್ಯೆ ನೋಡಿದೆ. ಒಂದು ಇಡೀ ಫಾರಂ, ಹದಿನಾರು ಪುಟ, ಹೊಲಿಗೆಯಲ್ಲಿ ಬಿಟ್ಟುಹೋಗಿತ್ತು. ಮಾರಿದವರಿಗೆ ಬರೆದೆ, ಹಿಂದಿರುಗಿಸುವ ಅವಧಿ ಕಳೆದಿದೆ ಎಂಬ ಉತ್ತರ ಬಂತು. ಮುಗಿಯಲು ಇನ್ನು ಮೂರನೆಯ ಒಂದು ಪಾಲಷ್ಟೇ ಉಳಿದಿದ್ದ ಕಡೆ ಹೀಗಾದದ್ದಕ್ಕೆ ನನಗೆ ನಿಜವಾಗಿಯೂ ಅಳು ಬಂತು. ಅಣ್ಣನ ಮಗಳ ಬಳಿ ಅವಳದೇ ಪ್ರತಿ ಇತ್ತು, ಆದರೆ ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಮೂರು ದಿನ ಬರಲಿಲ್ಲ.

ಆ ಮೂರು ದಿನ ಅಮ್ಮ ಸುಮ್ಮನಿರಲಿಲ್ಲ. ಬಿಟ್ಟುಹೋದ ಪುಟಗಳಲ್ಲಿ ಏನಾಗಿರಬಹುದೆಂದು ತಾವೇ ಕಟ್ಟಿದರು. ಅವರ ಪ್ರಕಾರ ದಾರಿ ತೋರಿಸಿದ್ದು ಕುದುರೆ. ಮೊದಲ ಸಂಪುಟದಲ್ಲಿ ಮರಳು ಮತ್ತು ಗಾಳಿಯಿಂದಾದ, ಬುರಾಕಿ ಎಂಬ ಮಾಯದ ಕುದುರೆಯೊಂದು ಬರುತ್ತದೆ. ಅದನ್ನು ಅವರು ಮರೆತಿರಲಿಲ್ಲ. "ಪ್ರಾಣಿಗೆ ನೀರಿನ ವಾಸನೆ ಗೊತ್ತಾಗುತ್ತೆ ಕಣೆ. ನೀರಿದ್ದ ಕಡೆ ದಾರಿ ಇದ್ದೇ ಇರುತ್ತೆ." ನಾಲ್ಕನೆಯ ದಿನ ಸಿಗ್ನಲ್ ಬಂದಾಗ ಅಣ್ಣನ ಮಗಳು ಹದಿನಾರು ಪುಟಗಳ ಫೋಟೋ ಕಳಿಸಿದಳು; ಅವು ಒಂದೊಂದಾಗಿ ಇಳಿಯಲು ರಾತ್ರಿ ಹನ್ನೊಂದಾಯಿತು. ಲೇಖಕಿ ಬರೆದದ್ದು ಬೇರೆಯೇ ಆಗಿತ್ತು, ಹೆಚ್ಚು ಜಾಣತನದ್ದೂ ಆಗಿತ್ತು. ಅಮ್ಮ ಕೇಳಿಸಿಕೊಂಡರು, ಒಪ್ಪಿದರು, ಆದರೆ ಆಮೇಲೆಯೂ ಮಾತಿನ ನಡುವೆ ಆ ಕುದುರೆಯನ್ನು ಕೈಬಿಡಲಿಲ್ಲ.

ನಡುಭಾಗದ ಬಗ್ಗೆ ನನ್ನ ತಕರಾರನ್ನು ಮುಚ್ಚಿಡುವುದಿಲ್ಲ. ಕೊನೆಯ ಸಂಪುಟವೆಂದರೆ ಕಟ್ಟಬೇಕಾದ ಗಂಟುಗಳು ಬಹಳ. ಅದಕ್ಕಾಗಿ ಪಾತ್ರಗಳನ್ನು ಒಂದು ಕೋಟೆಯಿಂದ ಇನ್ನೊಂದಕ್ಕೆ ಓಡಿಸುವ ಭಾಗ ದಣಿಸುತ್ತದೆ. ಬೆಂಕಿಯ ಗುಮ್ಮಟದೊಳಗೆ ಮುಚ್ಚಿಹೋದ ರಾಜಧಾನಿ ಇಜ್ಮಾನ್ ಎಂಬ ಕಲ್ಪನೆ ಅದ್ಭುತವಾಗಿದ್ದರೂ, ಆ ಗುಮ್ಮಟದಡಿಯಲ್ಲಿ ಬೇಯುತ್ತಿರುವ ಸಾಮಾನ್ಯ ಜನ ಏನು ಮಾಡುತ್ತಿದ್ದಾರೆ ಎಂಬುದು ನನಗೆ ಸಾಲುವಷ್ಟು ಸಿಗಲಿಲ್ಲ. ಲೇಖಕಿ ಕೆನಡಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದವರು. ಅವರ ಮರಳುಗಾಡಿನಲ್ಲಿ ಅರಬ್ಬರ ದಂತಕಥೆಗಳ ಬಟ್ಟೆ ಮತ್ತು ಅಮೆರಿಕದ ಬಂದೂಕಿನ ಕಥೆಗಳ ಮೂಳೆ ಎರಡೂ ಇವೆ, ಹೊಲಿಗೆ ಅಲ್ಲಲ್ಲಿ ಕಾಣುತ್ತದೆ. ಆದರೆ ಡಸ್ಟ್‌ವಾಕಿನಂತಹ ಊರಿನ ಬಡತನವನ್ನು, ಹೊರಗಿನವರ ಯುದ್ಧಕ್ಕಾಗಿ ಬಂದೂಕು ಮಾಡಿಕೊಟ್ಟು ಬದುಕುವವರ ಅವಮಾನವನ್ನು ಅವರು ಬರೆದ ಬಗೆಯಲ್ಲಿ ಸುಳ್ಳಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಅಮ್ಮನೂ ನೀರಿನ ಪ್ರಶ್ನೆ ಕೇಳುತ್ತಿರಲಿಲ್ಲ.

ನನ್ನ ಪಟ್ಟಿಯಲ್ಲಿ ಗೀಟೆಳೆಯುವ ರಾತ್ರಿಯೂ ಬಂತು. ಯಾರೆಂದು ಬರೆಯುವುದಿಲ್ಲ, ಇನ್ನೂ ಓದಬೇಕಾದವರಿದ್ದಾರೆ. ಬಂಡಾಯದ ಮೊದಲಿನಿಂದ ಇದ್ದ ಒಂದು ಜೀವ ಹೋಗುತ್ತದೆ, ಕಥೆ ನಿಲ್ಲದೆ ಮುಂದಿನ ಅಧ್ಯಾಯಕ್ಕೆ ನಡೆಯುತ್ತದೆ. ನಾನೂ ಅದೇ ವೇಗದಲ್ಲಿ ಹಾಳೆ ತಿರುವಿದೆ. ಅಮ್ಮ ಕೈ ಚಾಚಿ ಪುಸ್ತಕವನ್ನು ಮುಚ್ಚಿದರು. "ಇವತ್ತಿಗೆ ಸಾಕು. ಸಾವಾದ ಮನೇಲಿ ಅವತ್ತೇ ಒಲೆ ಹಚ್ಚಬಾರದು." ಮಾರನೆಯ ದಿನವೂ ಓದಿಸಿಕೊಳ್ಳಲಿಲ್ಲ. ಮೂರನೆಯ ದಿನ ಸಂಜೆ ತಾವಾಗಿ, "ಸರಿ, ಮುಂದೆ ಏನು ಮಾಡಿದ್ರು ನೋಡು" ಎಂದರು. ಲೇಖಕಿ ಆ ಸಾವಿಗೆ ಕೊಡದ ಜಾಗವನ್ನು ನಮ್ಮ ಬಚ್ಚಲ ಒಲೆಯ ಮುಂದೆ ಅಮ್ಮ ಕೊಟ್ಟಿದ್ದರು. ಆ ಎರಡು ದಿನ ಮಳೆಯ ಸದ್ದು ಕೇಳುತ್ತ ಸುಮ್ಮನೆ ಕೂತಿದ್ದೇ ಈ ಓದಿನಲ್ಲಿ ನನಗೆ ಅತ್ಯಂತ ಆಳವಾಗಿ ಉಳಿದ ಭಾಗ.

ಈ ಸಂಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧವಲ್ಲ, ನಡುನಡುವೆ ಬರುವ ಕೆಲವು ಚಿಕ್ಕ ಅಧ್ಯಾಯಗಳು. ಉಳಿದ ಪುಸ್ತಕವೆಲ್ಲ ಅಮಾನಿಯ ಬಾಯಲ್ಲಿ, ಅವಳ ಬೆವರು, ಅನುಮಾನ, ಸಿಟ್ಟಿನ ಸಮೇತ ಬರುತ್ತದೆ. ಈ ಅಧ್ಯಾಯಗಳಲ್ಲಿ ಮಾತ್ರ ದನಿ ತಟ್ಟನೆ ಬದಲಾಗಿ, ಬಹಳ ಕಾಲದ ಮೇಲೆ ಯಾರೋ ಕಥೆಗಾರ ಬೆಂಕಿಯ ಸುತ್ತ ಕೂತವರಿಗೆ ಹೇಳುವ ಹಳೆಯ ಕಥೆಯಂತಾಗುತ್ತದೆ. ಹೆಸರುಗಳು ಹೋಗಿ ಬಿರುದುಗಳಷ್ಟೇ ಉಳಿಯುತ್ತವೆ. ನಿನ್ನೆ ಹಸಿದು ಜಗಳವಾಡಿದವರು ಇಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುತ್ತಾರೆ. ಕಣ್ಣೆದುರು ಬದುಕಿದ್ದವರು ಹೇಗೆ ದಂತಕಥೆಯಾಗುತ್ತಾರೆ, ಆಗುವಾಗ ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಲೇಖಕಿ ಹೇಳದೆ ಮಾಡಿ ತೋರಿಸುತ್ತಾರೆ. ಇದನ್ನು ಓದುವಾಗ ನನಗೆ ಪದೇಪದೇ ಅಂಗಡಿ ಎಂಬ ಊರು ನೆನಪಾಯಿತು. ನಮ್ಮ ತಾಲ್ಲೂಕಿನದೇ ಊರು ಅದು; ಹಿಂದಿನ ಸೊಸೆವೂರು, ಹೊಯ್ಸಳರ ಮೂಲ. ಗುರುಗಳಾದ ಸುದತ್ತರು "ಹೊಯ್ ಸಳ" ಎಂದರು, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಆ ಹೆಸರು ಬಂತು ಎಂಬ ಕಥೆಯನ್ನು ಅಲ್ಲೇ ನಿಂತು ಎಷ್ಟು ತಂಡದ ಮಕ್ಕಳಿಗೆ ಹೇಳಿದ್ದೇನೋ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲದಲ್ಲಿ ಆ ಕಥೆ ಕಲ್ಲಾಗಿದೆ. ಕಥೆಯಲ್ಲಿ ಹುಲಿಯಾದದ್ದು ಶಿಲ್ಪದಲ್ಲಿ ಸಿಂಹದಂತೆ ಕಾಣುತ್ತದೆ. ಇತಿಹಾಸಕಾರರು ಇದನ್ನು ದಂತಕಥೆ ಎನ್ನುತ್ತಾರೆ. ಆದರೆ ಯಾರೋ ಒಬ್ಬ ಹುಡುಗ, ಯಾವುದೋ ಒಂದು ಮಧ್ಯಾಹ್ನ, ಕೈ ನಡುಗುತ್ತ ಒಂದು ಪ್ರಾಣಿಯೆದುರು ನಿಂತಿದ್ದಿರಬಹುದು ಎಂದು ನಾನು ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ. ಅಮಾನಿಯ ಕೈ ನಡುಗಿದ್ದನ್ನು ಮುನ್ನೂರು ಪುಟ ಓದಿ, ಆಮೇಲೆ ಕಥೆಗಾರನ ಬಾಯಲ್ಲಿ ಆ ನಡುಕ ಮಾಯವಾದದ್ದನ್ನು ಕಂಡ ಮೇಲೆಯೇ ಅದು ನನಗೆ ತೋಚಿದ್ದು.

ನಾವು ಓದುತ್ತ ಕುಡಿಯುತ್ತಿದ್ದ ಕಾಫಿಗೂ ಅಂಥದೇ ಕಥೆಯಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನಿನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದನ್ನು ಚಿಕ್ಕಮಗಳೂರಿನಲ್ಲಿ ತಿಳಿಯದವರಿಲ್ಲ. ಗಿಡದ ಹೆಸರೇ ಅರೇಬಿಕಾ. ಏಳೇ ಬೀಜ ಯಾಕೆ, ಎಂಟು ಯಾಕಲ್ಲ ಎಂದು ಯಾರೂ ಕೇಳುವುದಿಲ್ಲ. ಹಡಗಿನಲ್ಲಿ ಎಷ್ಟು ದಿನ, ಬೀಜ ಒಣಗದಂತೆ ಹೇಗೆ ಕಾಪಾಡಿದರು ಎಂಬುದು ಕಥೆಯಲ್ಲಿ ಇಲ್ಲ. ನಾನು ಇದನ್ನು ಹೇಳಿದಾಗ ಅಮ್ಮ ಲೋಟ ಕೆಳಗಿಟ್ಟು, "ಹಾಗಾದ್ರೆ ಆ ಹುಡುಗಿ ಊರಿನ ಕಡೆಯಿಂದಲೇ ಬಂದಿದ್ದು ಅನ್ನು" ಎಂದರು. ಮಿರಾಜಿ ಎಂಬ ದೇಶ ಭೂಪಟದಲ್ಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪುಷ್ಯದ ನಾಲ್ಕನೆಯ ದಿನ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಉಳಿದದ್ದನ್ನು ಅಂದೇ ಮುಗಿಸೋಣವೆಂ‌ದು ಅಮ್ಮನೇ ಹೇಳಿ ಜಗಲಿಗೆ ಬಂದು ಕೂತರು. ಕೊನೆಯ ಯುದ್ಧವನ್ನು ನಾನು ಬಹಳ ಅವಸರದಲ್ಲಿ ಓದಿದೆ, ಕನ್ನಡ ತಡವರಿಸಿತು. ಎರಡು ಕಡೆ ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕಾಯಿತು. ಮುಕ್ತಾಯದಲ್ಲಿ ಮತ್ತೆ ಆ ಕಥೆಗಾರನ ದನಿ ಬರುತ್ತದೆ. ಅಲ್ಲಿ ಮಾತ್ರ ನನಗೆ ಕನ್ನಡ ಹುಡುಕಬೇಕಾಗಲಿಲ್ಲ; 'ಒಂದಾನೊಂದು ಕಾಲದಲ್ಲಿ' ಎಂಬ ಧಾಟಿ ನಾಲಿಗೆಯ ಮೇಲೆ ತಾನಾಗಿ ಬಂದು, ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ ಓದಿಬಿಟ್ಟೆ. ಮುಗಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಮ್ಮೆ ಓದು ಎಂದರು. ಆ ಅಧ್ಯಾಯವನ್ನು ಮತ್ತೆ ಓದಿದೆ. "ಚೆನ್ನಾಗಿದೆ. ಆದ್ರೆ ಆ ಹುಡುಗಿ ಎಷ್ಟು ಹೆದರಿದ್ಲು ಅಂತ ಇವರಿಗೆ ಗೊತ್ತೇ ಇಲ್ವಲ್ಲ" ಎಂದರು. ಇವರು ಎಂದರೆ ಆ ಕಥೆ ಕೇಳುತ್ತ ಬೆಂಕಿಯ ಸುತ್ತ ಕೂತವರು.

ಸಂಜೆ ಅಣ್ಣನ ಮಗಳ ಫೋನ್ ಬಂತು. ಪುಸ್ತಕ ಮುಗಿಯಿತೆಂದು ಕೇಳಿ, "ಅಜ್ಜಿಗೆ ಕೊಡಿ ಅತ್ತೆ" ಎಂದಳು. ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ಅಮಾನಿಯ ಮಾತಾಡಿದರು, ಕುದುರೆಯ ಮಾತಾಡಿದರು. ಆಮೇಲೆ ಅಮ್ಮ, "ನಮ್ಮೂರಲ್ಲೂ ಹಾಗೇ ಆಗಿತ್ತು ಪುಟ್ಟಿ" ಎಂದು ಶುರುಮಾಡಿದರು. ಕೆರೆ ಒಣಗಿತ್ತು. ನಡುರಾತ್ರಿ ಅವ್ವ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕೆರೆಯಂಗಳಕ್ಕೆ ಹೋದಳು. ಬೆಳದಿಂಗಳು ಹಾಲು ಚೆಲ್ಲಿದಂತಿತ್ತು. ಅವ್ವ ಗಂಗಮ್ಮನನ್ನು ನೆನೆದು ಮರಳು ಬಗೆದಳು, ಬಗೆದ ಕಡೆ ಗಂಗಮ್ಮ ತಾನಾಗಿ ಬಂದಳು, ಕರಟದಲ್ಲಿ ಮೊಗೆದು ಕೊಡ ತುಂಬಿಸಿದರು. ಮಳೆ ಮತ್ತೆ ಹಿಡಿಯುತ್ತಿತ್ತು. ಅಮ್ಮ ದನಿ ಏರಿಸಿದರು.

"ಆಮೇಲೆ ಅಜ್ಜಿ?" ಎಂದಳು ಹುಡುಗಿ.

ನಾನು ಅಮ್ಮನ ಮುಖ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ.

"ಆಮೇಲೇನು, ಮೂರು ಜನ ತುಂಬಿದ ಕೊಡ ಹೊತ್ಕೊಂಡು ಮನೆಗೆ ಬಂದ್ವಿ. ಅವ್ವ ಮುದ್ದೆಗೆ ಎಸರಿಟ್ಟಳು."